ಒಂದು ದಿನದ ಮುಂಬಯಿ

ಮಕ್ಕಳ ಹಸ್ತಾಕ್ಷರವನ್ನು ತಿದ್ದುವ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಅರ್ಧ ಬರೆದು, ಉಳಿದರ್ಧವನ್ನು ಈ ತಿಂಗಳು ಕೊಡುವೆನೆಂದು ವಾಚಕ ಬಂಧುಗಳಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಈ ಸಲ ನಡೆಸಲಾಗುತ್ತಿಲ್ಲ. ನಡುವೆ ಕುಟುಂಬಸಮೇತನಾಗಿ ಮುಂಬಯಿಗೆ ಹೋಗಿಬರುವ ಪ್ರಸಂಗ ಒದಗಿತು. ಹೋಗಿದ್ದು ಒಂದೇ ದಿನದ ಮಟ್ಟಿಗೆ. ಆದರೆ ಆ ದಿನದ ನಡುಮಧ್ಯಾಹ್ನ ನಡೆದುದೊಂದು ಸಂಗತಿ ಮನಸ್ಸಿನಲ್ಲಿ ಇನ್ನೂ ಕುಳಿತಿದೆ. ಅದನ್ನು ಇಳಿಸದೆ ಬೇರೆ ವಿಷಯಕ್ಕೆ ಲೇಖನಿ ಓಡದು.

ಪ್ರವಾಸಕ್ಕೆ ಕಾರಣವಾದುದು ಉಲ್ಲಾಸವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಹತ್ತನೆಯ ಇಯತ್ತೆಯ ಫಲಿತಾಂಶ ಬಂದಿತು. ನನ್ನ ಮಗನಿಗೆ ಭಾಷೆಗಳಲ್ಲಿ ಒಳ್ಳೆಯ ಗುಣಗಳು, ವಿಜ್ಞಾನದಲ್ಲಿ ಹೇಗೋ ತೇರ್ಗಡೆ, ಗಣಿತದಲ್ಲಿ ನೂರಕ್ಕೆ 29. ಮೂವತ್ತು ವರುಷಗಳಿಂದ ಊರ ಮಕ್ಕಳಿಗೆ ಗಣಿತ ಕಲಿಸಿದ ಮುಖ್ಯಾಧ್ಯಾಪಕನ ಮನೆಯಲ್ಲಿ ಇದಾಗಬಾರದಿತ್ತು. 'ಅಪಜಯಗೊಂಡ ಮಕ್ಕಳನ್ನು ಜರೆಯಬೇಡಿರಿ' ಎಂದು ಪಾಲಕರಿಗೆ ಇದೇ ಅಂಕಣದಲ್ಲಿ ನಾನು ಉಪದೇಶ ಮಾಡಿದ್ದುಂಟು. ಆ ದಿನ ಅದೊಂದೂ ನೆನಪಿಗೆ ಬರಲಿಲ್ಲ. ಪಡಸಾಲೆಯಲ್ಲಿ ನಿಂತು, "ನಮ್ಮ ಮನೆತನದಾಗ ಇಲ್ಲೀತನಕ ಯಾರೂ ನಾಪಾಸ ಆಗಿದ್ದಿಲ್ಲ" ಎಂದು ನೆರೆಮನೆಗೂ ಕೇಳುವಂತೆ ಕೂಗಿದೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ನಮ್ಮವ್ವ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಏನೂ ನುಡಿಯದೆ ಮತ್ತೆ ಶೇಂಗಾ ಸುಲಿಯತೊಡಗಿದಳು.

ಪುರವಣಿ ಪರೀಕ್ಷೆಗೆ ಕೂಡುವುದಿಲ್ಲ, ಸೋದರಮಾವನ ಪರಿಚಯದವರೊಡನೆ ಪುಣೆಗೆ ಹೋಗಿ ವರ್ಕಶಾಪಿನಲ್ಲಿ ಕೆಲಸ ಹಿಡಿಯುತ್ತೇನೆಂದು ಮಗ ತಾಯಿಗೆ ಹೇಳಿದನಂತೆ. ಹನ್ನೊಂದು ದಿನ ನಾವಿಬ್ಬರೂ ಮಾತಾಡಲಿಲ್ಲ. ಹನ್ನೆರಡನೆಯ ದಿನ ನಮ್ಮ ಮನೆಯವರು ಊಟಕ್ಕೆ ಬಡಿಸುತ್ತ, "ಲಗ್ನಾಗಿ ಇಪ್ಪತ್ತೇಳು ವರ್ಷಾತು. ಒಂದ ಸಲಾನೂ ಸಮುದ್ರ ನೋಡಿಲ್ಲ. ಮುಂದಿನ ವರ್ಷ ನಿಮ್ಮ ರಿಟೈರ್ಮೆಂಟು. ಈ ಸೂಟಿಯಾಗರೆ ಕರಕೊಂಡು ಹೋಗ್ರಿ" ಎಂದರು. ಸಮುದ್ರವು ನೆಪವೆಂದು ನನಗೂ ತಿಳಿಯಿತು. ಆದರೂ ಒಪ್ಪಿದೆ.

ಅಕ್ಕಲಕೋಟೆ ತಾಲೂಕಿನವರಾದ ನಮಗೆ ಮುಂಬಯಿಯೆಂದರೆ ಸೊಲ್ಲಾಪುರದಿಂದ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮುಂಬಯಿ. 2023ರ ಫೆಬ್ರುವರಿಯಿಂದ ವಂದೇ ಭಾರತ ಗಾಡಿಯೂ ಓಡುತ್ತಿದೆ. ಅದು ವೇಗದ್ದು, ಥಳಥಳಿಸುವಂಥದು. ಆದರೆ ಐದು ಜನರ ಟಿಕೆಟಿನ ಲೆಕ್ಕ ಹಾಕಿದ ಮೇಲೆ ನಿದ್ದೆಯ ಗಾಡಿಯೇ ನಮಗೆ ತಕ್ಕುದೆನಿಸಿತು. ಅವ್ವ ಮೂವತ್ತು ಕಟಕ ರೊಟ್ಟಿಗಳನ್ನೂ ಒಂದು ಡಬ್ಬಿ ಶೇಂಗಾ ಹಿಂಡಿಯನ್ನೂ ಬಿಳಿಯ ಪಂಚೆಯಲ್ಲಿ ಕಟ್ಟಿಕೊಂಡಳು. ಮುಂಬಯಿಯಲ್ಲಿ ಹೊಟೇಲುಗಳಿಗೇನೂ ಕೊರತೆಯಿಲ್ಲವೆಂದು ಮಗಳು ನಗಾಡಿದಳು. "ಹೊಟೇಲಿನ ಸುದ್ದಿ ನನಗ ಹೇಳಬ್ಯಾಡ" ಎಂದು ಅವ್ವ ಗಂಟನ್ನು ಬಿಗಿದಳು. ಆ ಮಾತಿನ ಮೊನೆ ಆಗ ನನಗೆ ತಾಗಲಿಲ್ಲ.

ಮುಂಜಾನೆ ಇಳಿದುದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ. ನಮ್ಮ ಕಾಲದವರ ಬಾಯಲ್ಲಿ ಅದಿನ್ನೂ 'ವಿ.ಟಿ.'ಯೇ. ವಿಶ್ರಾಂತಿಗೃಹದಲ್ಲಿ ಮುಖಮಾರ್ಜನ ತೀರಿಸಿ ಹೊರಗೆ ಬಂದು, ರಸ್ತೆಯಾಚೆ ನಿಂತು ಕಟ್ಟಡವನ್ನು ನೋಡಿದೆವು. ಫ್ರೆಡರಿಕ್ ವಿಲಿಯಮ್ ಸ್ಟೀವನ್ಸ್ ಎಂಬ ಶಿಲ್ಪಜ್ಞನು ರೂಪಿಸಿದುದು. 1878ರಲ್ಲಿ ಆರಂಭವಾದ ಕೆಲಸಕ್ಕೆ ಹತ್ತು ವರುಷ ಹಿಡಿಯಿತು. 1887ರಲ್ಲಿ ರಾಣಿಯ ಆಳ್ವಿಕೆಗೆ ಐವತ್ತು ವರುಷ ತುಂಬಿದಾಗ ಅವಳ ಹೆಸರಿಟ್ಟರು. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇದಕ್ಕೂ ಮುಂಚೆ ಇಲ್ಲಿಯೇ ಸಮೀಪದ ಬೋರಿ ಬಂದರಿನಿಂದ 1853ರ ಏಪ್ರಿಲ್ 16ರಂದು ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು. ನಾನು ಕೈಯೆತ್ತಿ ಗುಮ್ಮಟವನ್ನು ತೋರಿಸುತ್ತ ಇಷ್ಟು ಹೇಳುವಷ್ಟರಲ್ಲಿ ನಮ್ಮ ಮನೆಯವರು, "ಇಲ್ಲಿಯೂ ಸಾಲಿ ತೆರೆದಿರೇನು?" ಎಂದರು. ಮಗಳು ಕೇಳುತ್ತಿದ್ದಳು. ಮಗ ಹತ್ತು ಹೆಜ್ಜೆ ದೂರದಲ್ಲಿ ಮೊಬೈಲು ನೋಡುತ್ತ ನಿಂತಿದ್ದ.

ಹತ್ತಿರದ ಒಂದು ಇರಾಣಿ ಹೊಟೇಲಿನಲ್ಲಿ ಚಹಾ ಕುಡಿದೆವು. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಆರಂಭಕ್ಕೂ ಇರಾಣದಿಂದ ಬಂದ ಜರತುಷ್ಟ್ರ ಧರ್ಮೀಯರು ತೆರೆದ ಈ ಅಂಗಡಿಗಳು ಒಂದು ಕಾಲಕ್ಕೆ ಮೂಲೆಮೂಲೆಗೂ ಇದ್ದವು. ಈಗ ಬೆರಳೆಣಿಕೆಗೆ ಬಂದಿವೆ. ಅಮೃತಶಿಲೆಯ ಮೇಜು, ಬಾಗಿದ ಬೆತ್ತದ ಕುರ್ಚಿ, ಗಟ್ಟಿ ಹೊರಮೈಯ ಬ್ರುನ್ ಪಾವಿಗೆ ಸವರಿದ ಬೆಣ್ಣೆ. ಅವ್ವ ಪಾವನ್ನು ಒತ್ತಿನೋಡಿ ಬದಿಗಿಟ್ಟಳು. ಗಂಟು ಬಿಚ್ಚಿ, ರೊಟ್ಟಿ ಮುರಿದು ಇರಾಣಿ ಚಹಾದಲ್ಲಿ ಅದ್ದಿ ತಿಂದಳು. ಗಲ್ಲಾದ ಮೇಲಿದ್ದ ವೃದ್ಧರು ಅದನ್ನು ಕಂಡೂ ಕಾಣದಂತಿದ್ದುದು ಅವರ ದೊಡ್ಡತನ.

ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಲು ಐವರನ್ನು ಒಂದೇ ಟ್ಯಾಕ್ಸಿಗೆ ಕೂಡಿಸಿಕೊಳ್ಳಲು ಯಾವ ಚಾಲಕನೂ ಒಪ್ಪಲಿಲ್ಲ. ಬಸ್ಸಿನಲ್ಲಿ ಹೋದೆವು. ದೊರೆ ಐದನೆಯ ಜಾರ್ಜನೂ ರಾಣಿಯೂ 1911ರಲ್ಲಿ ಇಲ್ಲಿ ಬಂದಿಳಿದ ನೆನಪಿಗೆಂದು ಕಟ್ಟಿದ ಈ ಕಮಾನು ಪೂರ್ಣವಾದುದು 1924ರಲ್ಲಿ. ಎಂದರೆ ಯಾರ ಸ್ವಾಗತಕ್ಕೆ ಕಟ್ಟಿದರೋ ಅವರು ಇದರ ಕೆಳಗೆ ಹಾದುಬರಲೇ ಇಲ್ಲ. ಹಾದುಹೋದವರು ಬೇರೆ. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕಡೆಯ ಸೈನ್ಯದ ತುಕಡಿ ಈ ಕಮಾನಿನಿಂದಲೇ ಹಡಗು ಹತ್ತಿ ಹೊರಟುಹೋಯಿತು. ಎದುರಿಗೆ 1903ರಲ್ಲಿ ತೆರೆದ ತಾಜಮಹಲ್ ಹೊಟೇಲು.

ನಮ್ಮ ಮನೆಯವರು ಕಮಾನನ್ನೂ ನೋಡಲಿಲ್ಲ, ಹೊಟೇಲನ್ನೂ ನೋಡಲಿಲ್ಲ. ಕಟ್ಟೆಯ ಅಂಚಿಗೆ ಹೋಗಿ ಸೆರಗನ್ನು ಹಿಡಿದುಕೊಂಡು ನೀರನ್ನೇ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ, "ಇಷ್ಟ ನೀರ ಇಟಗೊಂಡು ನಮ್ಮೂರಿಗೆ ಟ್ಯಾಂಕರ್ ಬರಬೇಕೇನ್ರೀ?" ಎಂದರು. ಸಮುದ್ರದ ಉಪ್ಪಿನ ಪಾಠವನ್ನು ಎತ್ತಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಏಪ್ರಿಲ್ ಮೇ ತಿಂಗಳಲ್ಲಿ ಕೊಡವನ್ನು ಸರತಿಗಿಟ್ಟು ಕಾದವರಿಗೆ ಆ ಪಾಠ ಯಾತಕ್ಕೆ? ಘಾರಾಪುರಿಯ ಗುಹೆಗಳಿಗೆ ದೋಣಿಗಳು ಹೊರಡುತ್ತಿದ್ದವು. ತ್ರಿಮೂರ್ತಿಯನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ನನಗಿತ್ತು. ಆದರೆ ಅಲ್ಲಿಯ ಮೆಟ್ಟಿಲುಗಳು ಎಪ್ಪತ್ತೆಂಟರ ಅವ್ವನಿಗೆ ಆಗುವಂಥವಲ್ಲ. ಅದನ್ನು ಕೈಬಿಟ್ಟೆವು.

ಅವ್ವನಿಗೋಸ್ಕರ ಭಾಯಖಳಾದ ರಾಣಿಬಾಗಿಗೆ ಹೋದೆವು. ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂಬುದು ಅದರ ಈಗಿನ ಹೆಸರು. ವೃಕ್ಷಗಳ ನೆರಳು ಬಲು ತಂಪು. ಅಲ್ಲಿ ಹಿಮದ ಹಾಗೆ ತಂಪಾಗಿಸಿದ ಗಾಜಿನ ಮನೆಯಲ್ಲಿ ಹಂಬೋಲ್ಟ್ ಪೆಂಗ್ವಿನ್ನುಗಳಿವೆ. ಮೂಲತಃ ದಕ್ಷಿಣ ಅಮೆರಿಕದ ಪೆರು, ಚಿಲಿ ದೇಶಗಳ ಕರಾವಳಿಯ ಪಕ್ಷಿಗಳು. 2016ರಲ್ಲಿ ದಕ್ಷಿಣ ಕೊರಿಯದಿಂದ ಮೊದಲ ತಂಡವನ್ನು ತಂದರು. ಗಾಜಿಗೆ ಮೂಗು ಹಚ್ಚಿ ನಿಂತ ಅವ್ವ, "ಕೋರ್ಟಿನ್ಯಾಗ ವಕೀಲರು ನಿಂತಂಗ ಕಾಣತಾವಲ್ಲೋ. ಒಬ್ಬಾಂವರ ವಾದ ಮಾಡವಲ್ಲ" ಎಂದಳು. ನಮ್ಮ ಜಮೀನಿನ ದಾವೆ ಹದಿನಾಲ್ಕು ವರುಷ ನಡೆದುದನ್ನು ಬಲ್ಲವರಿಗೆ ಆ ಮಾತಿನ ರುಚಿ ಗೊತ್ತಾದೀತು. ಮಗ ನಕ್ಕುಬಿಟ್ಟ. ಹನ್ನೆರಡು ದಿನಗಳ ಮೇಲೆ ಅವನ ನಗೆಯನ್ನು ಕೇಳಿದೆ. ನಾನು ಅತ್ತ ತಿರುಗಿದೊಡನೆ ಅದು ನಿಂತಿತು.

ಭಾಯಖಳಾದಿಂದ ಲೋಕಲ್ ಗಾಡಿ ಹಿಡಿದೆವು. ಭಾನುವಾರವಾದುದರಿಂದ ಕುಳಿತುಕೊಳ್ಳಲು ಸ್ಥಳ ಸಿಕ್ಕಿತು. ಚಿಂಚಪೋಕಳಿ, ಕರಿ ರೋಡ್, ಪರಳ. ಇದು ಗಿರಣಿಗಳ ಸೀಮೆಯಾಗಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಅದರಲ್ಲಿದ್ದರು. ಆ ಮೇಲೆ ಹೆಚ್ಚಿನ ಗಿರಣಿಗಳು ತಲೆಯೆತ್ತಲಿಲ್ಲ. ಅವುಗಳ ಭೂಮಿಯಲ್ಲಿ ಈಗ ಗಾಜಿನ ಗೋಪುರಗಳು, ನಡುವೆ ಎಲ್ಲೋ ಒಂದೊಂದು ಒಂಟಿ ಚಿಮಣಿ. "ನೀವು ಇದನ್ನೆಲ್ಲ ಹ್ಯಾಂಗ ಬಲ್ಲಿರಿ?" ಎಂದು ಮಗಳು ಕೇಳಿದಳು. ಓದಿದ್ದೇನೆ ಎಂದೆ. ಅದು ಪೂರಾ ಸುಳ್ಳಲ್ಲ.

ಮಾಟುಂಗಾ ಸ್ಟೇಶನ್ನಿನಲ್ಲಿ ಇಳಿದಾಗ ಮಗಳಿಗೆ ಹಿಗ್ಗು. 2017ರಲ್ಲಿ ಈ ಸ್ಟೇಶನ್ನಿನ ಆಡಳಿತವನ್ನೆಲ್ಲ, ಸ್ಟೇಶನ್ ಮಾಸ್ತರರಿಂದ ಹಿಡಿದು ಟಿಕೆಟು ಕೊಡುವವರವರೆಗೆ, ಮಹಿಳೆಯರಿಗೇ ವಹಿಸಿದರೆಂಬುದನ್ನು ಅವಳೇ ನನಗೆ ಹೇಳಿದಳು. ನಮ್ಮ ಶಾಲೆಯ ನಾಲ್ವರು ಶಿಕ್ಷಕರಲ್ಲಿ ಒಬ್ಬ ಬಾಯಿಯೂ ಇಲ್ಲವೆಂಬುದನ್ನು ಜೊತೆಗೇ ನೆನಪಿಸಿದಳು.

ಮಾಟುಂಗಾವು ಯೋಜನೆ ಹಾಕಿ ಕಟ್ಟಿದ ಊರು. 1896ರ ಪ್ಲೇಗಿನ ಹಾವಳಿಯ ತರುವಾಯ 1898ರಲ್ಲಿ ಸ್ಥಾಪಿತವಾದ ಇಂಪ್ರೂವಮೆಂಟ್ ಟ್ರಸ್ಟಿನವರು, ಜನರು ಗಾಳಿ ಬೆಳಕಿನಲ್ಲಿ ಬಾಳಲಿ ಎಂದು ದಾದರ, ಮಾಟುಂಗಾಗಳ ಬಡಾವಣೆಗಳನ್ನು ರೂಪಿಸಿದರು. ಸಾಲುಮರಗಳ ಬೀದಿಗಳು ಆ ಯೋಜನೆಯ ಫಲ. ಕಾರಕೂನಿಕೆಗೆಂದು ತೆಂಕಣಿಂದ ಬಂದ ಜನ ಇಲ್ಲಿ ನೆಲೆಸಿದರು. ಅವರ ಹಿಂದೆಯೇ ಉಡುಪಿ, ಕುಂದಾಪುರಗಳ ಕಡೆಯ ಅಡಿಗೆಯವರು ಬಂದರು. ಮೈಸೂರು ಅಸೋಸಿಯೇಶನ್ 1926ರಿಂದ ಇಲ್ಲಿದೆ. ಸ್ಟೇಶನ್ನಿನ ಎದುರಿಗಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯ ಊಟ ಬಡಿಸುತ್ತ ಬಂದಿದೆ. ಅಲ್ಲಿ ಉಣ್ಣಬೇಕೆಂಬುದು ನಮ್ಮ ಕಾರ್ಯಕ್ರಮ. ಆದರೆ ಭಾನುವಾರದ ಸರತಿ ಮೆಟ್ಟಿಲು ತುಂಬಿ ಕೆಳಗಿಳಿದಿತ್ತು. ಅವ್ವನ ಕಾಲು ನಡುಗತೊಡಗಿತ್ತು. "ಇನ್ನೊಂದು ಕಡೆ ನೋಡೋಣ" ಎಂದು ಹೊರಟೆ.

ಹೂವಿನ ಅಂಗಡಿಗಳನ್ನು ದಾಟಿ, ಎಡಕ್ಕೆ ಹೊರಳಿ, ಒಂದು ಅರಳಿಮರದ ಬಳಿ ಬಲಕ್ಕೆ. ಯಾರನ್ನೂ ದಾರಿ ಕೇಳಲಿಲ್ಲ. ಕಾಲುಗಳೇ ಬಲ್ಲವಾಗಿದ್ದವು. ಹೊಟೇಲಿನ ಹೆಸರಿನ ಫಲಕ ಹೊಸದಾಗಿತ್ತು, ಗೋಡೆಗೆ ಹೊಳಪಿನ ಫರಸಿ, ಒಳಗೆ ತಂಪು ಗಾಳಿಯ ಯಂತ್ರ. ಬಡಿಸುವ ಹುಡುಗ ಬಿಹಾರದವನು; ಗಲ್ಲಾದ ಮೇಲಿದ್ದ ತರುಣ ಒಳಗಿನ ಅಡಿಗೆಯವರೊಡನೆ ತುಳುವಿನಲ್ಲಿ ಮಾತಾಡುತ್ತಿದ್ದ. ಅನ್ನ, ಸಾರು, ಎರಡು ಪಲ್ಯ, ಪೂರಿ, ಹಪ್ಪಳ, ಮಜ್ಜಿಗೆ. ಮೊದಲಿಗೆ ಒಂದೊಂದು ಬಟ್ಟಲು ರಸಂ ಇಡ್ಲಿ, ಒಂದು ತಟ್ಟೆ ಗೋಳಿಬಜೆ. ಬಿಸಿ ಸಾರಿನಲ್ಲಿ ಮುಳುಗಿ ಹತ್ತಿಯಂತಾದ ಇಡ್ಲಿಯನ್ನು ಚಮಚದಿಂದ ತೆಗೆದು ಬಾಯಿಗಿಟ್ಟ ನಮ್ಮ ಮನೆಯವರು ಎರಡನೆಯ ಬಟ್ಟಲು ತರಿಸಿದರು. ಮೆಣಸು, ಜೀರಿಗೆ, ಇಂಗುಗಳ ಘಮ ನಮ್ಮ ಕಡೆಯ ಕಟ್ಟಿನ ಸಾರಿಗಿಂತ ಬೇರೆ. ಖಾರ ಕಡಿಮೆ, ಹುಳಿ ಹೆಚ್ಚು. ಗೋಳಿಬಜೆಯನ್ನು ಅವ್ವನೂ ಮೆಚ್ಚಿದಳು. ಎರಡು ತಿಂದು, ಸುತ್ತಲೂ ಒಮ್ಮೆ ಕಣ್ಣಾಡಿಸಿ, ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದಳು:

"ಏನಪಾ, ನಾಪಾಸಾಗಿ ಓಡಿಬಂದು ನೀ ತಾಟ ತೊಳೀತಿದ್ದ ಹೊಟೇಲ ಇದ ಏನು?"

ತಿಳಿಯದೆ ಕೇಳಿದಳೋ, ತಿಳಿದೇ ಕೇಳಿದಳೋ ಇಂದಿಗೂ ನನಗೆ ಗೊತ್ತಾಗಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇಲ್ಲ.

ಇನ್ನು ಬಚ್ಚಿಡುವುದೇನಿದೆ? 1984ರ ಮಾರ್ಚಿನಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕುಳಿತ ನಾನು ಗಣಿತದಲ್ಲಿ ಅಪಜಯಗೊಂಡೆ. ಅಪ್ಪನ ಮುಂದೆ ನಿಲ್ಲಲಾರದೆ, ಅವ್ವನ ಕಾಳಿನ ಗಡಿಗೆಯಲ್ಲಿದ್ದ ನಲವತ್ತು ರೂಪಾಯಿಗಳನ್ನು ತೆಗೆದುಕೊಂಡು ರಾತ್ರಿಯ ಗಾಡಿ ಹತ್ತಿದೆ. ಮಾವನ ಮನೆಗೆ ಓದಲು ಹೋಗಿದ್ದಾನೆಂದು ಊರಲ್ಲಿ ಹೇಳಿದರು, ಊರೂ ನಂಬಿತು. ಮದುವೆಯ ಮಾತುಕತೆಯಲ್ಲಿ ಈ ಸುದ್ದಿ ಬರಲಿಲ್ಲ. ಬಾರದಿದ್ದುದು ಇಪ್ಪತ್ತೇಳು ವರುಷ ಬಾರದೆಯೇ ಉಳಿಯಿತು.

ನಮ್ಮ ಮನೆಯವರು ಚಮಚವನ್ನು ಕೆಳಗಿಟ್ಟರು. "ನನಗೂ ಹೇಳಲಿಲ್ಲ ನೀವು" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಮಗಳು ತುಟಿ ಕಚ್ಚಿಕೊಂಡು ಹಪ್ಪಳವನ್ನು ಪುಡಿಮಾಡುತ್ತಿದ್ದಳು. ಮಗ ಮಾತ್ರ ನನ್ನ ಮುಖವನ್ನು ನೇರವಾಗಿ ನೋಡಿದ.

"ಎಷ್ಟು ಬಿದ್ದಿದ್ವು?"

"ನೂರಕ್ಕ ಇಪ್ಪತ್ತೈದು."

ಅವನು ಏನೂ ಅನ್ನಲಿಲ್ಲ. ಅನ್ನಕ್ಕೆ ಸಾರು ಹಾಕಿಸಿಕೊಂಡ. ಎರಡು ತುತ್ತು ಉಂಡ ಬಳಿಕ, "ಮತ್ತ ಪಾಸ ಹ್ಯಾಂಗಾದ್ರಿ?" ಎಂದ.

ಹೇಳಿದೆ. ನಸುಕಿನ ನಾಲ್ಕಕ್ಕೆ ಎದ್ದು ಇಡ್ಲಿಯ ಪಾತ್ರೆಗಳನ್ನು ತೊಳೆಯುವುದು, ಆ ಮೇಲೆ ಮೇಜು ಒರೆಸುವ ಕೆಲಸ. ತಿಂಗಳಿಗೆ 90 ರೂಪಾಯಿ, ಎರಡು ಹೊತ್ತಿನ ಊಟ, ಮಲಗಲು ಅಟ್ಟ. ಆಗ ಸಪ್ಲಾಯರರು ಬಿಲ್ಲನ್ನು ಬರೆಯುತ್ತಿರಲಿಲ್ಲ. ಗಿರಾಕಿ ಏಳುವ ಹೊತ್ತಿಗೆ ಮೊತ್ತವನ್ನು ಗಲ್ಲಾಕ್ಕೆ ಕೇಳುವಂತೆ ಕೂಗುತ್ತಿದ್ದರು. ನಾಲ್ಕು ಮೇಜುಗಳ ಲೆಕ್ಕ, ರೂಪಾಯಿ ಪೈಸೆ ಸಹಿತ, ಒಂದೇ ತಲೆಯಲ್ಲಿ. ಕುಂದಾಪುರದ ಕಡೆಯ ಹಿರಿಯ ಸಪ್ಲಾಯರರೊಬ್ಬರು ನಾನು ಮೇಜು ಒರೆಸುವಾಗಲೆಲ್ಲ, "ಮರಿ, ಇದೆಷ್ಟಾಯ್ತು?" ಎಂದು ಕೇಳುವರು, ತಪ್ಪಿದರೆ ನಕ್ಕು ಮತ್ತೆ ಕೇಳುವರು. ಶಾಲೆಯಲ್ಲಿ ತಪ್ಪಿದರೆ ಛಡಿಯೇಟು ಬೀಳುತ್ತಿತ್ತು, ಇಲ್ಲಿ ಬೀಳಲಿಲ್ಲ. ಅಂಕಿಗಳ ಹೆದರಿಕೆ ಬಿಟ್ಟುದು ಅಲ್ಲಿ. ಹೊಟೇಲುಗಳಲ್ಲಿಯೂ ಕ್ಯಾಂಟೀನುಗಳಲ್ಲಿಯೂ ದುಡಿಯುವ ಹುಡುಗರಿಗೆಂದು ಮುಂಬಯಿಯ ಕನ್ನಡಿಗರು ನಡೆಸುತ್ತಿದ್ದ ರಾತ್ರಿಶಾಲೆಗಳಿದ್ದವು. ಅಂಥದೊಂದಕ್ಕೆ ನನ್ನನ್ನು ಸೇರಿಸಿದವರೂ ಅವರೇ. ಹಗಲೆಲ್ಲ ಕಚೇರಿಯಲ್ಲಿ ದುಡಿದ ಗುಮಾಸ್ತರು ರಾತ್ರಿ ಬಂದು ನಮಗೆ ಬೀಜಗಣಿತ ಹೇಳಿಕೊಡುತ್ತಿದ್ದರು. ಅರ್ಧ ತರಗತಿ ತೂಕಡಿಸುತ್ತಿತ್ತು, ಅವರು ತೂಕಡಿಸುತ್ತಿರಲಿಲ್ಲ. ಪರೀಕ್ಷೆಯ ಶುಲ್ಕವನ್ನು ಹೊಟೇಲಿನ ಧಣಿಗಳು ಮುಂಗಡವೆಂದು ಕೊಟ್ಟರು. 1985ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದು ಊರಿಗೆ ಹೋದವನು ಮರಳಿ ಬರಲಿಲ್ಲ. ಕಾಲೇಜು, ಡಿ.ಎಡ್., ನೌಕರಿ. ಆ ಮುಂಗಡ ತೀರದೆ ಉಳಿದಿದೆ.

ಊಟವಾದ ಮೇಲೆ ಗಲ್ಲಾದ ಬಳಿ ಹೋಗಿ ಆ ತರುಣನೊಡನೆ ವಿಷಯವೆತ್ತಿದೆ. ಮಾಲಕತ್ವ ಬದಲಾಗಿ ಎರಡು ದಶಕಗಳಾದುವಂತೆ. ಹಳೆಯ ಧಣಿಗಳ ಮನೆಯವರು ಎಲ್ಲಿದ್ದಾರೆಂದು ಅವನಿಗೆ ತಿಳಿಯದು. ನಾನು ಇನ್ನೂ ನಿಂತಿರುವುದನ್ನು ಕಂಡು ವಿನಯದಿಂದ, "ಪಾರ್ಸೆಲ್ ಏನಾದ್ರೂ ಬೇಕಿತ್ತಾ ಸಾರ್?" ಎಂದ. ಹಿಂದೆ ಗಿರಾಕಿಗಳು ಕಾಯುತ್ತಿದ್ದರು. ನಾಲ್ಕು ಗೋಳಿಬಜೆ ಕಟ್ಟಿಸಿಕೊಂಡು ಹೊರಬಿದ್ದೆ.

ಸಾಯಂಕಾಲ ಗಿರಗಾಂವ ಚೌಪಾಟಿ. ಅಲೆಗಳಲ್ಲಿ ಕಾಲು ನೆನೆಸಿದ ನಮ್ಮ ಮನೆಯವರು ಬಹಳ ಹೊತ್ತು ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಬಂದು, ನನ್ನ ಪಕ್ಕದಲ್ಲಿ ಮರಳ ಮೇಲೆ ಕುಳಿತು, "ಅಟ್ಟದ ಮ್ಯಾಲೆ ಹಾಸಿಗಿ ಇತ್ತೋ ಇಲ್ಲೋ?" ಎಂದು ಕೇಳಿದರು. ಗೋಣಿತಟ್ಟು ಇತ್ತು ಎಂದೆ. ಭೇಳವನ್ನು ತಿಂದ ಅವ್ವ, "ಇದು ನಮ್ಮ ಚುರುಮುರೀನ ಅಲ್ಲೇನು? ಇದಕ್ಕಿಷ್ಟು ರೊಕ್ಕಾ ಕೊಟ್ಟಿ?" ಎಂದು ಬೈದಳು.

ರಾತ್ರಿಯ ಗಾಡಿಯಲ್ಲಿ, ರೂಢಿಯಂತೆ, ಚೀಲದಿಂದ ಡೈರಿ ತೆಗೆದು ದಿನದ ಖರ್ಚನ್ನು ಬರೆಯತೊಡಗಿದೆ. ಎದುರಿನ ಬರ್ತಿನಲ್ಲಿ ಕುಳಿತಿದ್ದ ಮಗ ಕೆಲಹೊತ್ತು ನೋಡಿ ಕೈ ಚಾಚಿದ. ಡೈರಿ ಕೊಟ್ಟೆ. ಬೆರಳಿನಿಂದ ಸಾಲು ಸಾಲಾಗಿ ಇಳಿಯುತ್ತ ಬಂದು, "ಕೈಯಾಗಿಂದು ಒಂದು ಬಿಟ್ಟೀರಿ, ಅಪ್ಪಾ. ನೂರು ರೂಪಾಯಿ ಕಡಿಮಿ ಬಂದೈತಿ" ಎಂದ. ಮತ್ತೊಮ್ಮೆ ಕೂಡಿದೆ. ಅವನ ಮಾತು ಸರಿಯಾಗಿತ್ತು. ಪುರವಣಿ ಪರೀಕ್ಷೆಯ ಅರ್ಜಿಗೆ ಇನ್ನು ನಾಲ್ಕು ದಿನಗಳಿದ್ದವು. ನಾನು ಆ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಕುರ್ಡುವಾಡಿಯಲ್ಲಿ ಎಚ್ಚರವಾದಾಗ ಡೈರಿ ಅವನ ತಲೆದಿಂಬಿನ ಕೆಳಗೇ ಇತ್ತು.

ಇದನ್ನು ಬರೆಯುವ ಮೊದಲು ಅವನ ಅಪ್ಪಣೆ ಕೇಳಿದೆ. ನನ್ನ ವಿದ್ಯಾರ್ಥಿಗಳೂ ಅವರ ಪಾಲಕರೂ ಓದುವ ಪತ್ರಿಕೆಯಿದು. ನನ್ನ ಮಾನದೊಂದಿಗೆ ಅವನ ಮಾನವೂ ಇದರಲ್ಲಿ ಸೇರಿದೆ. ಸ್ವಲ್ಪ ಯೋಚಿಸಿ ಹೇಳಿದ: "ಬರೀರಿ. ಆದ್ರ ನನ್ನವು ಇಪ್ಪತ್ತೊಂಬತ್ತು, ನಿಮ್ಮವು ಇಪ್ಪತ್ತೈದು. ಅದಲುಬದಲು ಮಾಡಬ್ಯಾಡ್ರಿ."